ಕರಿಯನ ಕಿವಿಯಲ್ಲಿ ಸಿಕ್ಕಿದ್ದು

ಎಲ್ರಿಗೂ ನಮಸ್ಕಾರ. ಈ ಸಂಚಿಕೆ ಎರಡು ವಾರ ಲೇಟಾಗಿದೆ, ತಪ್ಪು ನಂದೇ. ಜನವರೀಲಿ ಊರಿಗೆ ಹೋಗಿದ್ದೆ, ತೀರ್ಥಹಳ್ಳಿ ಕಡೆ ಚಿಕ್ಕಪ್ಪನ ಮನೇಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ, ಸಿಕ್ಕಿದ್ರೂ ಆ ಜಗಲೀಲಿ ಕೂತು ಪ್ರೂಫ್ ನೋಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ.

ಮಾರನೇ ದಿನವೇ ಕವಲೇದುರ್ಗ ಹತ್ತೋಕೆ ಹೊರಟೆ, ಜೊತೆಗೆ ಚಿಕ್ಕಪ್ಪನ ಕಂತ್ರಿ ನಾಯಿ ಕರಿಯ. ಇಲ್ಲಿ ನ್ಯೂಯಾರ್ಕ್ ರಾಜ್ಯದ ಮಿನ್ನೆವಾಸ್ಕಾ ಪ್ರಿಸರ್ವ್‌ಗೆ ನಮ್ಮ ಬ್ರೂನೋನ ಕರ್ಕೊಂಡು ಹೋಗುವಾಗ ಲೀಶ್ ಕಡ್ಡಾಯ ಅಲ್ವಾ, ಅದೇ ಅಭ್ಯಾಸದಲ್ಲಿ ಕೊಟ್ಟಿಗೇಲಿದ್ದ ಕರುವಿನ ಕಣ್ಣಿ ಕೈಗೆತ್ತಿಕೊಂಡೆ. ಚಿಕ್ಕಪ್ಪ ನಕ್ಕುಬಿಟ್ರು. "ಎಂತ ಮಾರಾಯ, ಅದೇನು ಕರುವಾ ಕಟ್ಕೊಂಡ್ ಹೋಗೋಕೆ?"

ಸರಿ, ಬಿಟ್ಕೊಂಡೇ ಹೋದೆ. ಗದ್ದೆ ದಾಟಿ ಕಲ್ಲು ಹಾಸಿದ ದಾರಿ ಹಿಡಿಯೋವರೆಗೂ ಕರಿಯ ಒಳ್ಳೆ ಗೈಡ್ ಥರ ಮುಂದೆ ಮುಂದೆ ಹೋಗ್ತಾ ತಿರುಗಿ ತಿರುಗಿ ನೋಡ್ತಿದ್ದ. ಕೋಟೆ ಬಾಗಿಲ ಹತ್ರ ಮರದ ಮೇಲೆ ಮುಸಿಯ, ಅದೇ ಕಪ್ಪು ಮೂತಿ ಮಂಗ, ಕಂಡಿದ್ದೇ ತಡ, ಒಂದೇ ಓಟ, ಪೊದೆಯೊಳಗೆ ಮಾಯ. ಅರ್ಧ ಗಂಟೆ ಕೂಗಿದೆ. ಇದಕ್ಕೂ ಮುಂಚೆ ಇದ್ದ ನಾಯೀನ ಅಂಗಳದಿಂದಲೇ ಕುರ್ಕ, ಅಂದ್ರೆ ಚಿರತೆ, ಹೊತ್ಕೊಂಡು ಹೋಗಿದ್ದು ಆವಾಗಲೇ ನೆನಪಾಗ್ಬೇಕಾ. ಕೊನೆಗೆ ನಾಲಿಗೆ ನೇತಾಡಿಸ್ಕೊಂಡು ಏನೂ ಆಗಿಲ್ಲ ಅನ್ನೋ ಹಾಗೆ ಬಂದ.

ಮನೆಗೆ ಬಂದಮೇಲೆ ಚಿಕ್ಕಪ್ಪ ಅವನ ಕಿವಿ ಮಗುಚಿ ತೋರಿಸಿದ್ರು, ರಕ್ತ ಕುಡಿದು ಹರಳುಬೀಜದಷ್ಟು ಊದಿದ ಉಣುಗು ನಾಲ್ಕು. ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕ್ತಾ "ಇದು ಕಣ್ಣಿಗೆ ಕಾಣುತ್ತೆ ಬಿಡು, ನಿನ್ನ ಕಾಲು ನೋಡ್ಕೋ" ಅಂದ್ರು. ಸಾಕ್ಸ್ ಅಂಚಲ್ಲಿ ಎಳ್ಳಿಗಿಂತ ಚಿಕ್ಕದೊಂದು ಹರಿದಾಡ್ತಿತ್ತು. ಮಂಗನ ಕಾಯಿಲೆ ಮನುಷ್ಯರಿಗೆ ಅಂಟೋದು ಹೆಚ್ಚಾಗಿ ಈ ಮರಿ ಉಣುಗಿಂದ್ಲೇ, ಅದೂ ಬೇಸಿಗೆ ಮುಗಿಯೋವರೆಗಿನ ಒಣ ತಿಂಗಳುಗಳಲ್ಲಿ, ಅಂದ್ರೆ ನಾವೆಲ್ಲ ಡಿಸೆಂಬರ್ ರಜಕ್ಕೆ ಊರಿಗೆ ಹೋಗಿ ಕಾಡು ಸುತ್ತೋ ಟೈಮಲ್ಲೇ! ಉಣುಗು ಹತ್ತದ ಹಾಗೆ ಮೈಗೆ ಹಚ್ಕೊಳ್ಳೋಕೆ ಆಶಾ ಕಾರ್ಯಕರ್ತೆ ಕೊಟ್ಟಿದ್ದ ದೇಪಾ ಎಣ್ಣೆ ಬಾಟ್ಲಿ ಕಪಾಟಲ್ಲೇ ಇತ್ತು, ನಾನು ಮುಟ್ಟಿರ್ಲಿಲ್ಲ.

ಆ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದಕ್ಕೇ ಇಂಗ್ಲಿಷಲ್ಲೂ ಆ ಊರಿನದೇ ಹೆಸರು. ಇಲ್ಲಿನ ಲೈಮ್ ಕಾಯಿಲೆ ಕಥೇನೂ ಅದೇ, ಕನೆಕ್ಟಿಕಟ್‌ನ ಲೈಮ್ ಅನ್ನೋ ಊರಲ್ಲಿ 1975ರ ಸುಮಾರಿಗೆ ಮಕ್ಕಳಿಗೆ ಕೀಲುನೋವು ಬಂದು ಗೊತ್ತಾಗಿದ್ದು, ಕಚ್ಚೋದು ಗಸಗಸೆಯಷ್ಟಿರೋ ಮರಿ ಉಣುಗು. ವೈರಸ್ಸು ಅದು, ಬ್ಯಾಕ್ಟೀರಿಯಾ ಇದು, ಆದ್ರೆ ಎರಡೂ ಕಡೆ ನಾಯಿ ಮೈಮೇಲೆ ಸವಾರಿ ಮಾಡಿ ಉಣುಗು ನೇರ ಸೋಫಾಕ್ಕೆ ಬರುತ್ತೆ.

ಹಾಗಾಗಿ ಮೇ ತಿಂಗಳ ಸಂಘದ ಹೈಕ್‌ಗೆ ನಾಯಿ ತರೋರು ಲೀಶ್ ತನ್ನಿ, "ನಮ್ದು ಪಾಪ, ಏನೂ ಮಾಡಲ್ಲ" ಅನ್ನಬೇಡಿ, ಕರಿಯನೂ ಪಾಪವೇ. ವಾಪಸ್ ಕಾರು ಹತ್ತೋ ಮುಂಚೆ ಕಿವಿ, ಕಂಕುಳು, ಬೆರಳ ಸಂದಿ ನೋಡಿ, ನಿಮ್ದೂ ನೋಡ್ಕೊಳ್ಳಿ. ಊರಿಗೆ ಹೋದಾಗ ಕೊಡಚಾದ್ರಿಗೆ ಮಾತ್ರ ನಾಯಿ ಒಯ್ಯೋ ಯೋಚನೆ ಬೇಡ, ಅದು ಅಭಯಾರಣ್ಯ.

ಹೊರಡೋ ಮುಂಚೆ ಶಿವಮೊಗ್ಗದಲ್ಲಿ ಒಂದು ಒಳ್ಳೆ ಲೀಶ್ ತಗೊಂಡು ಚಿಕ್ಕಪ್ಪನಿಗೆ ಕೊಟ್ಟು ಬಂದಿದ್ದೆ. ಮೊನ್ನೆ ತಮ್ಮ ಫೋಟೋ ಕಳಿಸಿದ್ದಾನೆ. ಲೀಶ್ ಕರುವಿನ ಕೊರಳಲ್ಲಿದೆ, ಕರಿಯ ಪಕ್ಕದಲ್ಲೇ ಮಲಗಿದ್ದಾನೆ.