ಕೃಷಿ ಶಿಕ್ಷಣ: ವಿಭಾಗಗಳು ಒಂದೇ ಹೊಲದಲ್ಲಿ ಸೇರಲಿ

ಮಾನ್ಯ ಸಂಪಾದಕರೇ,

ಗ್ರಾಮೀಣಾಭಿವೃದ್ಧಿಗೆ ವಿಶ್ವವಿದ್ಯಾಲಯಗಳು ಏನು ಮಾಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ಹೊಸ ಕಾಲೇಜು, ಹೊಸ ಪ್ರಯೋಗಾಲಯ, ಹೊಸ ಕೋರ್ಸುಗಳ ಮಾತು ಮೊದಲು ಕೇಳಿಬರುತ್ತದೆ. ಮಣ್ಣು ವಿಜ್ಞಾನದ ಅಧ್ಯಾಪಕನಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ನನಗೆ, ಈಗಾಗಲೇ ಇರುವ ವಿಭಾಗಗಳು ಒಂದೇ ಹೊಲದ ಬದುವಿನ ಮೇಲೆ ಒಟ್ಟಿಗೆ ಕೂತು ಯೋಚಿಸುವಂತಾಗುವುದು ಇವೆಲ್ಲಕ್ಕಿಂತ ತುರ್ತಿನ ಕೆಲಸವೆಂದು ತೋರುತ್ತದೆ. ಹೀಗೆ ಹೇಳಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಒಮ್ಮೆ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹೊಲಗಳಿಂದ ಅವರೇ ಮಣ್ಣಿನ ಮಾದರಿ ತೆಗೆದು, ಪರೀಕ್ಷೆ ಮಾಡಿ, ಫಲಿತಾಂಶದ ಚೀಟಿಗಳನ್ನು ತಂದಿದ್ದರು. ಒಬ್ಬ ವಿದ್ಯಾರ್ಥಿ ರೈತ ಮಹಿಳೆಯೊಬ್ಬರ ಮನೆಯ ಮುಂದೆ ಕೂತು ಚೀಟಿಯನ್ನು ಓದಿ ವಿವರಿಸತೊಡಗಿದ. ರಸಸಾರ (ಮಣ್ಣಿನ ಆಮ್ಲ-ಕ್ಷಾರದ ಮಟ್ಟ) ಸರಿಯಾಗಿದೆ, ರಂಜಕ ಮಧ್ಯಮ ಪ್ರಮಾಣದಲ್ಲಿದೆ, ಸಾವಯವ ಇಂಗಾಲ ಮಾತ್ರ ತೀರಾ ಕಡಿಮೆ; ಆದ್ದರಿಂದ ಕೊಯ್ಲಾದ ಮೇಲೆ ಉಳಿಯುವ ಹುಲ್ಲು, ಕೂಳೆಯನ್ನೆಲ್ಲ ಮಣ್ಣಿಗೆ ಸೇರಿಸಿ, ಕೊಟ್ಟಿಗೆ ಗೊಬ್ಬರವನ್ನು ಇನ್ನಷ್ಟು ಹಾಕಿ ಎಂದು ಹೇಳಿದ. ಶಾಸ್ತ್ರದ ಪ್ರಕಾರ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, “ಹುಲ್ಲನ್ನೆಲ್ಲ ಮಣ್ಣಿಗೆ ಹಾಕಿದರೆ ಹಸು ಏನು ತಿನ್ನಬೇಕಪ್ಪಾ? ಸಗಣಿಯೆಲ್ಲ ಹೊಲಕ್ಕೆ ಹೋದರೆ ಒಲೆಗೆ ಏನು ಹಾಕಲಿ?” ಎಂದರು. ಹಾಲು ಮಾರಿ ಬಂದ ಹಣದಲ್ಲೇ ಸಾಲದ ಕಂತು ಕಟ್ಟುತ್ತಿರುವುದಾಗಿಯೂ, ಕಂತು ತಪ್ಪಿದರೆ ಮುಂದಿನ ಬಿತ್ತನೆಗೆ ಬೀಜ ತರಲು ದುಡ್ಡು ಹುಟ್ಟುವುದಿಲ್ಲವೆಂದೂ ಹೇಳಿದರು. ವಿದ್ಯಾರ್ಥಿ ನನ್ನ ಮುಖ ನೋಡಿದ. ನನ್ನ ಬಳಿಯೂ ಉತ್ತರವಿರಲಿಲ್ಲ. ಮೇವಿನ ಪ್ರಶ್ನೆ ಪಶುಸಂಗೋಪನೆಯವರದು, ಉರುವಲಿನದು ಎಂಜಿನಿಯರಿಂಗ್‌ನವರದು, ಸಾಲದ್ದು ಅರ್ಥಶಾಸ್ತ್ರದವರದು. ಆ ಮೂರೂ ವಿಭಾಗಗಳು ನಮ್ಮ ಆವರಣದಲ್ಲೇ ಇದ್ದವು. ಆದರೆ ಅಲ್ಲಿನ ಸಹೋದ್ಯೋಗಿಗಳ ಜೊತೆ ಕೂತು ಯಾವುದಾದರೂ ಒಂದು ಹೊಲದ ಬಗ್ಗೆ ಮಾತಾಡಿದ ನೆನಪು ನನಗಿರಲಿಲ್ಲ.

ಒಂದು ಬಣವೆ ಹುಲ್ಲನ್ನು ಮಣ್ಣಿನ ವಿಜ್ಞಾನಿ ಇಂಗಾಲವೆಂದು ಲೆಕ್ಕ ಹಾಕುತ್ತಾನೆ, ಪಶುವೈದ್ಯರು ಮೇವೆಂದು, ಅರ್ಥಶಾಸ್ತ್ರಜ್ಞರು ಹಣವೆಂದು ಲೆಕ್ಕ ಹಾಕುತ್ತಾರೆ. ಮೂರೂ ಲೆಕ್ಕಗಳನ್ನು ಏಕಕಾಲಕ್ಕೆ ಕೂಡಿ ಕಳೆದು, ಎಷ್ಟು ಹುಲ್ಲು ಹಸುವಿಗೆ, ಎಷ್ಟು ಮಣ್ಣಿಗೆ ಎಂದು ಪ್ರತಿ ವರ್ಷ ನಿರ್ಧರಿಸುವವರು ಆ ಮಹಿಳೆಯಂಥವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಪ್ರತಿ ಆರು ಕೃಷಿ ಹಿಡುವಳಿಗಳಲ್ಲಿ ಐದು 2 ಹೆಕ್ಟೇರಿಗಿಂತ ಚಿಕ್ಕವು. ಒಟ್ಟು ಕೃಷಿ ಭೂಮಿಯ ಸುಮಾರು ಶೇ 12ರಷ್ಟನ್ನು ಮಾತ್ರ ಉಳುವ ಈ ಹಿಡುವಳಿಗಳು ಜಗತ್ತಿನ ಆಹಾರದ ಮೂರನೇ ಒಂದು ಭಾಗವನ್ನು ಬೆಳೆಯುತ್ತವೆ. ಇಷ್ಟು ಸಣ್ಣ ಜಾಗದಲ್ಲಿ ಬೆಳೆ, ದನ, ನೀರು, ಸಾಲ, ಆಳು, ಮನೆಯವರ ಆರೋಗ್ಯ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಒಂದು ಎಳೆಯನ್ನು ಹಿಡಿದು ಎಳೆದರೆ ಇನ್ನೊಂದು ಬಿಗಿಯುತ್ತದೆ. ಬಿಡಿ ಬಿಡಿ ಸಲಹೆಗಳನ್ನು ರೈತರು ಪಾಲಿಸದೇ ಇದ್ದಾಗ ಅದನ್ನು ಅಜ್ಞಾನವೆಂದೋ ಹಟವೆಂದೋ ಬರೆದುಕೊಂಡ ವರದಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ, ಒಂದೆರಡಕ್ಕೆ ಸಹಿಯನ್ನೂ ಹಾಕಿದ್ದೇನೆ, ಅದು ತಪ್ಪಾಗಿತ್ತು.

ಬೋಧನೆ, ಸಂಶೋಧನೆ, ವಿಸ್ತರಣೆ (ಸಂಶೋಧನೆಯ ಫಲವನ್ನು ರೈತರಿಗೆ ತಲುಪಿಸುವ ಕೆಲಸ) ಮೂರನ್ನೂ ಒಂದೇ ಸೂರಿನಡಿ ತರುವ ಪ್ರಯತ್ನ ಹಳೆಯದು. ಅಮೆರಿಕದಲ್ಲಿ 1862ರ ಮೊರಿಲ್ ಕಾಯ್ದೆಯಿಂದ ಕೃಷಿ ಬೋಧಿಸುವ ಕಾಲೇಜುಗಳು, 1887ರ ಹ್ಯಾಚ್ ಕಾಯ್ದೆಯಿಂದ ಪ್ರಯೋಗ ಕೇಂದ್ರಗಳು, 1914ರ ಸ್ಮಿತ್-ಲಿವರ್ ಕಾಯ್ದೆಯಿಂದ ವಿಸ್ತರಣಾ ಸೇವೆ ಹುಟ್ಟಿಕೊಂಡವು; ಆ ಮಾದರಿ ಅನೇಕ ದೇಶಗಳಿಗೆ ಹರಡಿತು. ಆದರೆ ಸೂರು ಒಂದೇ ಆದರೂ ಒಳಗಿನ ಗೋಡೆಗಳು ದಶಕದಿಂದ ದಶಕಕ್ಕೆ ಹೆಚ್ಚುತ್ತಲೇ ಹೋದವು. ಈ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದದ್ದು ಅಲಬಾಮದ ಟಸ್ಕೀಗೀ ಸಂಸ್ಥೆಯ ಬಂಡಿ. 1906ರಲ್ಲಿ ಅಲ್ಲಿನ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ ಆ ಬಂಡಿ ಉಪಕರಣ, ಬೀಜಗಳನ್ನು ಹೊತ್ತು ಬಡ ಕಪ್ಪು ರೈತರ ಮನೆ ಬಾಗಿಲಿಗೆ ಹೋಗುತ್ತಿತ್ತು. ಮುಂದೆ ಬಂಡಿಯ ಜಾಗಕ್ಕೆ ಮೋಟಾರು ಟ್ರಕ್ ಬಂದಾಗ, ಅದರಲ್ಲಿ ಕೃಷಿ ಸಲಹೆಗಾರರ ಜೊತೆಗೆ ಗೃಹವಿಜ್ಞಾನದ ಸಲಹೆಗಾರ್ತಿಯೂ ಒಬ್ಬ ದಾದಿಯೂ ಇರುತ್ತಿದ್ದರು. ಹೊಲ, ಅಡುಗೆಮನೆ, ಮೈಯ ಆರೋಗ್ಯ ಮೂರೂ ಒಂದೇ ಬದುಕಿನ ಸಂಗತಿಗಳೆಂದು ಬಲ್ಲವರ ಏರ್ಪಾಡು ಅದು.

ವಿಭಾಗಗಳು ಒಬ್ಬರ ಮಾತನ್ನೊಬ್ಬರು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಡೊನೇಷ್ಯಾದ ಬಾಲಿ ದ್ವೀಪದ ಅನುಭವವನ್ನು ವಿವರವಾಗಿ ನೋಡಬೇಕು. ಅಲ್ಲಿ ‘ಸುಬಕ್’ ಎಂಬ ರೈತರ ನೀರಾವರಿ ಸಂಘಗಳು ಜಲ ದೇಗುಲಗಳಲ್ಲಿ ಸೇರಿ, ಯಾವ ಇಳಿಜಾರಿಗೆ ಯಾವಾಗ ನೀರು, ಯಾವ ಗದ್ದೆಗಳಿಗೆ ಯಾವಾಗ ಬಿಡುವು ಎಂದು ನಿರ್ಧರಿಸುತ್ತ ಬಂದಿವೆ. 1970ರ ದಶಕದಲ್ಲಿ ಹೊಸ ಭತ್ತದ ತಳಿಗಳ ಜೊತೆಗೆ, ಸಾಧ್ಯವಾದಷ್ಟು ಸಲ ಎಡೆಬಿಡದೆ ನಾಟಿ ಮಾಡಿ ಎಂಬ ಸೂಚನೆಯೂ ಬಂತು. ಇಳುವರಿಯ ದೃಷ್ಟಿಯೊಂದರಿಂದ ನೋಡಿದರೆ ಅದು ಸರಿಯಾದ ಸಲಹೆಯೇ. ಆದರೆ ದೇಗುಲಗಳ ವೇಳಾಪಟ್ಟಿ ಕೈಬಿಟ್ಟ ಕಡೆ ನೀರಿಗೆ ಜಗ್ಗಾಟ ಶುರುವಾಯಿತು, ಕೀಟಗಳ ಹಾವಳಿ ಮಿತಿಮೀರಿತು. ಕಾರಣವನ್ನು ಬಿಡಿಸಿ ತೋರಿಸಿದವರು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್. ನದಿ, ಗದ್ದೆ, ಕೀಟಗಳ ಲೆಕ್ಕವನ್ನು ಕಂಪ್ಯೂಟರ್ ಮಾದರಿಯಲ್ಲಿ ಹೂಡಿ ನೋಡಿದಾಗ, ಅಕ್ಕಪಕ್ಕದ ಗದ್ದೆಗಳೆಲ್ಲ ಒಂದೇ ಸಮಯಕ್ಕೆ ಪಾಳು ಬಿದ್ದರೆ ಕೀಟಗಳಿಗೆ ನೆಲೆಯೇ ಸಿಗದೆ ಅವು ಅಳಿಯುತ್ತವೆ. ಆದರೆ ಎಲ್ಲರೂ ಒಂದೇ ಸಮಯಕ್ಕೆ ನಾಟಿ ಮಾಡಿದರೆ ನೀರು ಸಾಲುವುದಿಲ್ಲ. ಈ ಎರಡರ ನಡುವಿನ ಸರಿಯಾದ ಹದವನ್ನು ದೇಗುಲಗಳ ವ್ಯವಸ್ಥೆ ಕಂಡುಕೊಂಡಿತ್ತು ಎಂಬುದು ಸ್ಪಷ್ಟವಾಯಿತು. ಭತ್ತದ ತಜ್ಞರಿಗೆ ದೇಗುಲ ಪೂಜೆಯ ಸ್ಥಳವಾಗಿ ಕಂಡಿತ್ತು, ಧಾರ್ಮಿಕ ಆಚರಣೆಯನ್ನು ಅಭ್ಯಾಸ ಮಾಡುವವರು ಕೀಟಗಳನ್ನು ಲೆಕ್ಕಿಸಿರಲಿಲ್ಲ. ಇಬ್ಬರು ಜೊತೆಯಾಗಿ ಕೂತಾಗಲೇ ಆ ಭೂದೃಶ್ಯ ಅರ್ಥವಾದದ್ದು.

ಅದೇ ದೇಶದಲ್ಲಿ, ಭತ್ತದ ಗಿಡದ ರಸ ಹೀರುವ ಕಂದು ಜಿಗಿಹುಳುವಿನ ಕಥೆಯೂ ಇದೆ. ಸಿಂಪಡಿಸಿದ ಕೀಟನಾಶಕ ಜಿಗಿಹುಳುವನ್ನು ತಿನ್ನುವ ಜೇಡಗಳನ್ನೇ ಮೊದಲು ಕೊಲ್ಲುತ್ತಿದ್ದುದರಿಂದ ಹುಳುವಿನ ಕಾಟ ಹೆಚ್ಚುತ್ತಲೇ ಹೋಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು, 1989ರಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಇಡೀ ಬೆಳೆ ಅವಧಿಯಲ್ಲಿ ವಾರಕ್ಕೊಮ್ಮೆ ರೈತರು ಗದ್ದೆಗಿಳಿದು, ಗಿಡದ ಬುಡದಲ್ಲಿ ಹುಳುಗಳನ್ನೂ ಜೇಡಗಳನ್ನೂ ತಾವೇ ಎಣಿಸಿ, ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರಿಸಿ, ಮುಂದೇನು ಮಾಡಬೇಕೆಂದು ಚರ್ಚಿಸುತ್ತಿದ್ದರು. ಕೀಟಶಾಸ್ತ್ರವೂ ವಯಸ್ಕರ ಶಿಕ್ಷಣವೂ ಅಲ್ಲಿ ಒಂದಾಗಿ ಹೋದವು.

ಕೀನ್ಯಾದಲ್ಲಿ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರ ಐಸಿಐಪಿಇ, ಬ್ರಿಟನ್ನಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೊತೆಗೂಡಿ ರೂಪಿಸಿದ ‘ಪುಶ್-ಪುಲ್’ (ತಳ್ಳು-ಸೆಳೆ) ಪದ್ಧತಿಯನ್ನು ಪ್ರತಿಯೊಬ್ಬ ಕೃಷಿ ವಿದ್ಯಾರ್ಥಿಯೂ ಓದಬೇಕು. ಮೆಕ್ಕೆಜೋಳದ ಸಾಲುಗಳ ನಡುವೆ ಬಿತ್ತಿದ ಡೆಸ್ಮೋಡಿಯಂ ಎಂಬ ದ್ವಿದಳ ಸಸ್ಯ ತನ್ನ ವಾಸನೆಯಿಂದ ಕಾಂಡಕೊರಕದ ಪತಂಗವನ್ನು ದೂರ ತಳ್ಳುತ್ತದೆ; ಹೊಲದ ಅಂಚಿನ ನೇಪಿಯರ್ ಹುಲ್ಲು ಅದನ್ನು ತನ್ನತ್ತ ಸೆಳೆಯುತ್ತದೆ. ಡೆಸ್ಮೋಡಿಯಂನ ಬೇರು ಒಸರುವ ರಾಸಾಯನಿಕಗಳು ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯನ್ನೂ ಹತ್ತಿಕ್ಕುತ್ತವೆ ಎಂಬುದು ಹೊಲದಲ್ಲಿ ಅನಿರೀಕ್ಷಿತವಾಗಿ ಕಣ್ಣಿಗೆ ಬಿದ್ದ ಸಂಗತಿ. ಮಣ್ಣಿಗೆ ಸಾರಜನಕ ಸಿಗುತ್ತದೆ, ಎರಡೂ ಸಸ್ಯಗಳು ದನಕ್ಕೆ ಮೇವಾಗುತ್ತವೆ. ನನ್ನ ವಿದ್ಯಾರ್ಥಿಯನ್ನು ನಿರುತ್ತರನನ್ನಾಗಿಸಿದ ಆ ಮಹಿಳೆಯ ಪ್ರಶ್ನೆಯನ್ನು, ಮಣ್ಣೋ ಹಸುವೋ ಎಂಬ ಇಕ್ಕಟ್ಟನ್ನು, ಅರ್ಧದಷ್ಟಾದರೂ ಬಗೆಹರಿಸುವ ಉತ್ತರ ಇದು. ಕೀಟಶಾಸ್ತ್ರವೊಂದೇ ಆಗಲಿ, ಬೇಸಾಯಶಾಸ್ತ್ರವೊಂದೇ ಆಗಲಿ ಇಲ್ಲಿಗೆ ತಲುಪುತ್ತಿರಲಿಲ್ಲ.

ಹಾಗೆಂದು ಎರಡು ವಿಭಾಗಗಳು ಕೈಜೋಡಿಸಿದರೆ ಸಾಕು ಎಂದು ನಾನು ವಾದಿಸುತ್ತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಳಿ ವಿಜ್ಞಾನಿಗಳೂ ಎಂಜಿನಿಯರುಗಳೂ ಸೇರಿ ಟೊಮೆಟೊ ಕೊಯ್ಯುವ ಯಂತ್ರವನ್ನೂ, ಅದರ ಹಿಡಿತಕ್ಕೆ ಒಡೆಯದಂಥ ಗಟ್ಟಿ ಹಣ್ಣಿನ ತಳಿಯನ್ನೂ ಒಟ್ಟಿಗೆ ರೂಪಿಸಿದರು. ತಾಂತ್ರಿಕವಾಗಿ ಅದು ಸಹಯೋಗದ ದೊಡ್ಡ ಸಾಧನೆ. ಆದರೆ ದುಬಾರಿ ಯಂತ್ರ ದೊಡ್ಡ ಹಿಡುವಳಿಗಳಿಗೆ ಮಾತ್ರ ನಿಲುಕುವಂಥದಾಗಿದ್ದರಿಂದ, 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರು 1973ರ ಹೊತ್ತಿಗೆ 600ರ ಆಸುಪಾಸಿಗೆ ಇಳಿದರು. ಕೊಯ್ಲಿನ ಕೂಲಿಯನ್ನೇ ನಂಬಿದ್ದ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 1979ರಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಹೂಡಲ್ಪಟ್ಟಿತು. ಯಂತ್ರ ಬಂದ ಮೇಲೆ ಕೂಲಿಯವರ ಗತಿಯೇನು ಎಂದು ಕೇಳುವವರು ಆ ತಂಡದಲ್ಲಿ ಮೊದಲ ದಿನದಿಂದ ಇದ್ದಿದ್ದರೆ ಯಂತ್ರ ಬೇರೆ ರೂಪ ತಾಳುತ್ತಿತ್ತೇನೋ, ಕೆಲಸ ಹೋದವರಿಗೆ ಪರಿಹಾರದ ದಾರಿಯಾದರೂ ಮೊದಲೇ ಸಿದ್ಧವಾಗಿರುತ್ತಿತ್ತೇನೋ. ಸಮಾಜಶಾಸ್ತ್ರದವರನ್ನು ಯೋಜನೆಯ ಕೊನೆಗೆ ‘ಪರಿಣಾಮದ ಅಧ್ಯಯನ’ಕ್ಕೆಂದು ಕರೆಯುವ ರೂಢಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಸಮಾಜಶಾಸ್ತ್ರದಿಂದ ಕೃಷಿಗೆ ಆಗುವ ಉಪಕಾರ ಸಣ್ಣದೇನಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಸಂಕರಣ ಮೆಕ್ಕೆಜೋಳ ಹೇಗೆ ಹರಡಿತು ಎಂಬುದನ್ನು ಕುರಿತು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1943ರಲ್ಲಿ ಪ್ರಕಟಿಸಿದ ಅಧ್ಯಯನ, ಹೊಸ ಬೀಜದ ಸುದ್ದಿ ಹೆಚ್ಚಾಗಿ ಮಾರಾಟಗಾರರಿಂದ ಬಂದರೂ, ಅದನ್ನು ಬಿತ್ತುವ ಧೈರ್ಯ ಬಂದದ್ದು ನೆರೆಹೊರೆಯವರಿಂದ ಎಂದು ತೋರಿಸಿತು. ವಿಸ್ತರಣಾ ಶಿಕ್ಷಣ ಇಂದಿಗೂ ನಿಂತಿರುವುದು ಆ ತಿಳಿವಳಿಕೆಯ ಮೇಲೆ.

ಪ್ರತಿಯೊಂದು ಶಾಸ್ತ್ರಕ್ಕೂ ಆಳ ಬೇಕು, ಎಲ್ಲವನ್ನೂ ಬೆರೆಸಿದರೆ ವಿದ್ಯಾರ್ಥಿ ಯಾವುದರಲ್ಲೂ ನುರಿತವನಾಗುವುದಿಲ್ಲ ಎಂಬ ಆಕ್ಷೇಪವನ್ನು ನನ್ನ ಸಹೋದ್ಯೋಗಿಗಳು ಎತ್ತುತ್ತಾರೆ. ಆಕ್ಷೇಪದಲ್ಲಿ ಸತ್ಯವಿದೆ. ಡೆಸ್ಮೋಡಿಯಂ ಬೇರಿನ ರಸಾಯನವನ್ನು ಬಿಡಿಸಿದ್ದು ಆಳವಾಗಿ ಓದಿದ ರಸಾಯನಶಾಸ್ತ್ರಜ್ಞರೇ ಹೊರತು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿಳಿದವರಲ್ಲ. ಆದ್ದರಿಂದ ನಾನು ಕೇಳುತ್ತಿರುವುದು ಎಲ್ಲ ವಿಷಯಗಳ ಕಲಸುಮೇಲೋಗರದ ಪದವಿಯನ್ನಲ್ಲ. ಬೇಸಾಯ, ಪಶುವೈದ್ಯ, ಎಂಜಿನಿಯರಿಂಗ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಪೋಷಣೆ ಓದುವ ಐದಾರು ವಿದ್ಯಾರ್ಥಿಗಳ ತಂಡ, ಬಿತ್ತನೆಯಿಂದ ಕೊಯ್ಲಿನವರೆಗೆ ಒಂದು ಪೂರ್ತಿ ಬೆಳೆ ಅವಧಿ ಒಂದೇ ಹಳ್ಳಿಯಲ್ಲಿದ್ದು, ಹಳ್ಳಿಯವರು ಮುಂದಿಟ್ಟ ಒಂದೇ ಪ್ರಶ್ನೆಯ ಮೇಲೆ ಕೆಲಸ ಮಾಡಲಿ. ಪ್ರತಿಯೊಬ್ಬರೂ ತಮ್ಮ ಶಾಸ್ತ್ರದ ಆಳವನ್ನು ಆ ಪ್ರಶ್ನೆಗೆ ತರಲಿ, ವರದಿ ಒಂದೇ ಆಗಿರಲಿ, ಅಂಕವೂ ತಂಡಕ್ಕೆ ಸಲ್ಲಲಿ. ಮರುವರ್ಷದ ತಂಡ ಅದೇ ಹಳ್ಳಿಗೆ ಹೋಗಿ ಹಿಂದಿನವರ ದಾಖಲೆಯಿಂದ ಮುಂದುವರಿಸಬೇಕು. ಪ್ರತಿ ವರ್ಷ ಹೊಸ ಹಳ್ಳಿ, ಹೊಸ ಪ್ರಶ್ನಾವಳಿ ಎಂದು ಓಡಾಡುವುದರಿಂದ ಹಳ್ಳಿಯವರ ಸಮಯ ಹಾಳಾಗುತ್ತದೆ. ಬಂದು ಕೇಳಿ ಬರೆದುಕೊಂಡು ಹೋದವರು ಮತ್ತೆ ಮುಖ ತೋರಿಸಲಿಲ್ಲ ಎಂಬ ಮಾತನ್ನು ನಾನು ತಲೆ ತಗ್ಗಿಸಿ ಕೇಳಬೇಕಾಗಿ ಬಂದದ್ದು ಒಂದೆರಡು ಸಲವಲ್ಲ.

ಆದರೆ ನಿಜವಾದ ಅಡ್ಡಿ ಇರುವುದು ವಿದ್ಯಾರ್ಥಿಗಳಲ್ಲಿ ಅಲ್ಲ, ಅಧ್ಯಾಪಕರ ಬಡ್ತಿಯ ನಿಯಮಗಳಲ್ಲಿ. ಆರು ಮಂದಿ ಸೇರಿ ಬರೆದ ಲೇಖನದಲ್ಲಿ ಮೊದಲ ಹೆಸರಿಗೆ ಸಿಗುವ ಮನ್ನಣೆ ಆರನೆಯ ಹೆಸರಿಗೆ ಸಿಗುವುದಿಲ್ಲ. ತನ್ನ ವಿಷಯದ ನಿಯತಕಾಲಿಕದಾಚೆ ಪ್ರಕಟಿಸಿದರೆ ‘ಇದು ನಿಮ್ಮ ಕ್ಷೇತ್ರವಲ್ಲ’ ಎನ್ನುವವರಿದ್ದಾರೆ. ಅನುದಾನ ವಿಭಾಗವಾರು ಹಂಚಿಕೆಯಾಗುವುದರಿಂದ, ಹಸುವಿನ ಮೇವಿಗೆ ಸಂಬಂಧಿಸಿದ ಖರ್ಚನ್ನು ಮಣ್ಣಿನ ಯೋಜನೆಯ ಬಾಬ್ತಿನಲ್ಲಿ ತೋರಿಸಲು ಬರುವುದಿಲ್ಲ. ಹತ್ತು ವರ್ಷ ಒಂದೇ ಹಳ್ಳಿಯಲ್ಲಿ ದುಡಿದ ಅಧ್ಯಾಪಕಿಗಿಂತ, ಅಷ್ಟೇ ಅವಧಿಯಲ್ಲಿ ಇಪ್ಪತ್ತು ಚಿಕ್ಕ ಲೇಖನಗಳನ್ನು ಪ್ರಕಟಿಸಿದವರು ಮುಂದೆ ಹೋಗುವ ವ್ಯವಸ್ಥೆಯಲ್ಲಿ ಯುವ ಅಧ್ಯಾಪಕರು ಯಾವ ದಾರಿ ಹಿಡಿಯುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ, ಅವರನ್ನು ದೂರುವುದೂ ನ್ಯಾಯವಲ್ಲ. ಜಂಟಿ ಸಂಶೋಧನೆಗೆ ಸಮಾನ ಅಂಕ, ಹಳ್ಳಿಯ ಪ್ರಶ್ನೆಗೇ ಮೀಸಲಾದ ಜಂಟಿ ಅನುದಾನ, ಪಿಎಚ್.ಡಿ.ಗೆ ಎರಡು ವಿಭಾಗಗಳಿಂದ ಇಬ್ಬರು ಮಾರ್ಗದರ್ಶಕರು, ಸಂಶೋಧನೆಯ ಫಲಿತಾಂಶವನ್ನು ಹಳ್ಳಿಯವರ ಮುಂದೆ ಅವರ ಮಾತಿನಲ್ಲೇ ಮಂಡಿಸದೆ ಪ್ರಬಂಧ ಸ್ವೀಕರಿಸಬಾರದು ಎಂಬ ಕಟ್ಟಳೆ, ಇವಿಷ್ಟನ್ನು ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ತೀರ್ಮಾನಿಸಬಹುದು.

ಅದಕ್ಕೂ ಕಾಯಬೇಕಾಗಿಲ್ಲದ ಒಂದು ಸಣ್ಣ ಕೆಲಸವಿದೆ. ಮಣ್ಣಿನ ಮಾದರಿ ತೆಗೆಯುವಾಗ ತುಂಬಿಸುವ ನಮೂನೆಯಲ್ಲಿ ಈಗ ಹೊಲದ ಗುರುತು, ಹಿಂದಿನ ಬೆಳೆ, ಹಾಕಿದ ಗೊಬ್ಬರದ ವಿವರಗಳಿರುತ್ತವೆ. ಅದಕ್ಕೆ ಇನ್ನು ಮೂರು ಸಾಲುಗಳನ್ನು ಸೇರಿಸಲಿ: ಈ ಹೊಲದ ಹುಲ್ಲು ಯಾವ ದನಕ್ಕೆ ಹೋಗುತ್ತದೆ, ಮನೆಯ ಒಲೆಗೆ ಉರುವಲು ಯಾವುದು, ಮುಂದಿನ ಬಿತ್ತನೆಗೆ ಹಣ ಎಲ್ಲಿಂದ ಬರುತ್ತದೆ. ತುಂಬಿದ ನಮೂನೆಯ ಒಂದೊಂದು ಪ್ರತಿ ಪಶುಸಂಗೋಪನೆ, ಎಂಜಿನಿಯರಿಂಗ್, ಅರ್ಥಶಾಸ್ತ್ರ ವಿಭಾಗಗಳಿಗೂ ಹೋಗಲಿ. ಆ ವಿಭಾಗಗಳ ತಲಾ ಒಬ್ಬರು ಅದನ್ನು ಓದಿ ಸಹಿ ಹಾಕಿದ ಮೇಲಷ್ಟೇ ಶಿಫಾರಸಿನ ಚೀಟಿ ರೈತರ ಕೈ ಸೇರಲಿ. ಮುಂದಿನ ಬಿತ್ತನೆಯ ಹೊತ್ತಿಗೆ ಯಾವ ಮಣ್ಣು ವಿಜ್ಞಾನ ವಿಭಾಗವಾದರೂ ಇದನ್ನು ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಣ್ಣು ವಿಜ್ಞಾನ ಅಧ್ಯಾಪಕ