ಮೊದಲು ಮಕ್ಕಳ ಸಂಜೆ ನೋಡು, ಆಮೇಲೆ ಊರು

ಪುಟ್ಟೀ,

ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅಪ್ಪನಿಗೂ ಹೇಳಿದೆ. ಬೆಂಗಳೂರು ಬಿಡುವುದು ಖಾತ್ರಿ, ಆದರೆ ಮೈಸೂರೋ, ಧಾರವಾಡವೋ, ಇಲ್ಲ ನಮ್ಮ ಹತ್ತಿರ ಶಿವಮೊಗ್ಗಕ್ಕೇ ಬಂದುಬಿಡುವುದೋ ಅಂತ ಕೇಳಿದ್ದೆಯಲ್ಲ. ಅವರು ಪೇಪರಿನಿಂದ ತಲೆ ಎತ್ತದೆ 'ಶಿವಮೊಗ್ಗ' ಅಂದರು. ಅವರ ಉತ್ತರ ಅಷ್ಟೇ. ನನ್ನದು ಸ್ವಲ್ಪ ಉದ್ದ ಇದೆ. ಫೋನಿನಲ್ಲಿ ಶುರು ಮಾಡಿದರೆ ನೀನು ಅರ್ಧದಲ್ಲಿ 'ಅಮ್ಮಾ, ಮೀಟಿಂಗ್ ಇದೆ' ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮಗೋಸ್ಕರ ಶಿವಮೊಗ್ಗಕ್ಕೆ ಬರಬೇಡ. ಬೇಜಾರು ಮಾಡಿಕೊಳ್ಳಬೇಡ, ನೀವು ಬಂದರೆ ನನಗಿಂತ ಸಂತೋಷ ಪಡುವವರು ಯಾರೂ ಇಲ್ಲ. ಊರೂ ಚೆನ್ನಾಗಿದೆ, ತುಂಗೆ ನೀರಿದೆ, 2023ರಿಂದ ಏರ್‌ಪೋರ್ಟೂ ಇದೆ. ಆದರೆ ಅಳಿಯಂದಿರು ವಾರಕ್ಕೆ ಎರಡು ದಿನ ಆಫೀಸಿಗೆ ಮುಖ ತೋರಿಸಬೇಕು ಅಂದೆ. ಇಲ್ಲಿಂದ ಜನಶತಾಬ್ದಿಯಲ್ಲಿ ಹೋದರೂ ನಾಲ್ಕೂವರೆ ಐದು ಗಂಟೆ. ಅಂದರೆ ಅವರು ಪ್ರತಿ ವಾರ ಬೆಂಗಳೂರಿನಲ್ಲಿ ಎಲ್ಲಾದರೂ ರಾತ್ರಿ ಕಳೆಯಬೇಕು. ಆ ರಾತ್ರಿಗಳಲ್ಲಿ ನೀನೊಬ್ಬಳೇ ಇಬ್ಬರು ಮಕ್ಕಳನ್ನು ನೋಡಿಕೊಳ್ಳಬೇಕು. ನಾವಿದ್ದೇವಲ್ಲ ಅನ್ನುತ್ತೀಯ. ಇದ್ದೇವೆ, ಆದರೆ ಅಪ್ಪನ ಮಂಡಿ ನೋಡಿದ್ದೀಯ. ಇನ್ನು ಐದು ವರ್ಷಕ್ಕೆ ಯಾರು ಯಾರನ್ನು ನೋಡಿಕೊಳ್ಳುತ್ತಾರೋ! ಅಜ್ಜಿ ಮನೆ ರಜಕ್ಕೆ ಬರುವುದಕ್ಕೆ ಇರಲಿ.

ಧಾರವಾಡದ ಮೇಲೆ ನಿನಗೆ ಯಾಕೆ ಆಸೆ ಅಂತ ಗೊತ್ತು. ಅಪ್ಪನಿಗೆ ಅಲ್ಲಿಗೆ ವರ್ಗವಾದಾಗ ನೀನು ಚಿಕ್ಕವಳು. ಮಾಳಮಡ್ಡಿಯ ಆ ಹೆಂಚಿನ ಮನೆ, ಹಿತ್ತಲಿನ ಪೇರಲ ಗಿಡ, ಪಕ್ಕದ ಮನೆಯಿಂದ ಕೇಳುತ್ತಿದ್ದ ತಂಬೂರಿ, ನಿನಗೆ ನೆನಪಿರುವುದೆಲ್ಲ ಅದೇ. ನನಗೆ ನೆನಪಿರುವುದು ನಳ. ಮಲಪ್ರಭೆ ನೀರು ಸವದತ್ತಿ ಕಡೆಯಿಂದ ಬರಬೇಕು, ಎಷ್ಟೋ ದಿನಕ್ಕೊಮ್ಮೆ ಬಿಡುತ್ತಿದ್ದರು, ಅದೂ ಅಪರಾತ್ರಿಯಲ್ಲಿ. ನಳ ಬಂತು ಅಂತ ಓಣಿಯಲ್ಲಿ ಯಾರೋ ಕೂಗಿದರೆ ಅಪ್ಪ ಕಣ್ಣು ಮುಚ್ಚಿಕೊಂಡೇ ಎದ್ದು ಬಂದು ಪೈಪು ಹಿಡಿಯುತ್ತಿದ್ದರು. ಈಗ ಬೇಕಾದಷ್ಟು ಸುಧಾರಿಸಿದೆ, ಕೆಲವು ವಾರ್ಡುಗಳಲ್ಲಿ 24 ಗಂಟೆಯೂ ನೀರಿದೆ. ಆದರೆ ಎಲ್ಲ ಕಡೆ ಒಂದೇ ಥರ ಇಲ್ಲ. ಅಲ್ಲಿ ಮನೆ ನೋಡುವುದಾದರೆ ಸಂಪ್ ಎಷ್ಟು ದೊಡ್ಡದು ಅಂತ ಮೊದಲು ಕೇಳಬೇಕು. ಹಾಗೆಯೇ ಸಪ್ತಾಪುರದ ಕಡೆ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ತುಂಬಿದ್ದಾರೆ. ಒಂದು ಮನೆಯನ್ನು ನಾಲ್ಕು ರೂಮು ಮಾಡಿ ಕೊಟ್ಟರೆ ಓನರಿಗೆ ಜಾಸ್ತಿ ದುಡ್ಡು, ಸಂಸಾರಕ್ಕೆ ಯಾಕೆ ಕೊಡುತ್ತಾರೆ?

ದೊಡ್ಡವನು ತಬಲಾ ಕಲಿಯುತ್ತಿದ್ದಾನೆ, ಅವನಿಗೆ ಧಾರವಾಡದಂಥ ಊರು ಇನ್ನೊಂದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬೆಂಗಳೂರಿಗೆ ಸುಮಾರು 430 ಕಿ.ಮೀ. ಆಫೀಸಿನವರು ಪೂರ್ತಿ ಮನೆಯಿಂದಲೇ ಕೆಲಸ ಮಾಡಿ ಅಂತ ಬರೆದುಕೊಟ್ಟಿದ್ದರೆ ನಾನೇ ಧಾರವಾಡ ಅನ್ನುತ್ತಿದ್ದೆ.

ಹಾಗಾಗಿ ಮೈಸೂರು. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವವರು ಎಷ್ಟೋ ಜನ ಇದ್ದಾರೆ. ರೈಲ್ವೆಯ ತಿಂಗಳ ಪಾಸು 150 ಕಿ.ಮೀ. ತನಕ ಕೊಡುತ್ತಾರೆ, ಮೈಸೂರು ಅದರೊಳಗೇ ಬರುತ್ತದೆ. ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದಲೇ ನೇರಳೆ ಮೆಟ್ರೋ, ವೈಟ್‌ಫೀಲ್ಡ್ ತನಕ ಒಂದೇ ಗಾಡಿ. ಸುಸ್ತಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಮಕ್ಕಳು ಮಲಗುವ ಮುಂಚೆ ಅಪ್ಪ ಮನೆಯಲ್ಲಿರುತ್ತಾನೆ.

ಈಗ ಮೈಸೂರಿನಲ್ಲಿ ಎಲ್ಲಿ ಅನ್ನುವುದು. ನೀನು ಕಳಿಸಿದ ಫೋಟೋಗಳೆಲ್ಲ ರಿಂಗ್ ರೋಡಿನ ಆಚೆಯವು. ಮನೆ ದೊಡ್ಡದು, ಬಾಡಿಗೆ ಕಡಿಮೆ, ಎದುರಿಗೆ ಖಾಲಿ ಸೈಟು, ಗಾಳಿ ಬೆಳಕು. ಎಲ್ಲ ಸರಿ. ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಏಳೂವರೆಯ ತನಕ ಮಕ್ಕಳು ಅಲ್ಲಿ ಏನು ಮಾಡುತ್ತಾರೆ, ಹೇಳು ನೋಡೋಣ. ಸ್ಕೂಲ್ ವ್ಯಾನು ಮುಕ್ಕಾಲು ಗಂಟೆ ಸುತ್ತಿಸಿ ತಂದು ಬಿಡುತ್ತದೆ, ಬೀದಿಯಲ್ಲಿ ಇನ್ನೊಂದು ಮಗು ಇಲ್ಲ, ತಬಲಾ ಕ್ಲಾಸಿಗೆ ನೀನು ಕಾರು ತೆಗೆಯಬೇಕು, ಚಿಕ್ಕವಳನ್ನು ಒಬ್ಬಳೇ ಬಿಡಲಾಗದೆ ಅವಳನ್ನೂ ಕೂರಿಸಿಕೊಂಡು ಹೋಗಬೇಕು, ಬರುವಾಗ ಹಾಲು ತರಬೇಕು, ಅಷ್ಟರಲ್ಲಿ ನಿನ್ನ ಅಮೆರಿಕದ ಕಾಲ್ ಶುರುವಾಗಿರುತ್ತದೆ. ಬೆಂಗಳೂರು ಬಿಡುತ್ತಿರುವುದೇ ಇದಕ್ಕೋಸ್ಕರ ಅಲ್ವಾ? ಇದನ್ನೇ ಗಂಟು ಕಟ್ಟಿಕೊಂಡು ಮೈಸೂರಿಗೆ ಯಾಕೆ ಹೊರುತ್ತೀಯ?

ಅಪ್ಪನ ಬ್ಯಾಂಕಿನವರು ಹಾಸನ, ಬಳ್ಳಾರಿ, ಧಾರವಾಡ, ಮೈಸೂರು ಅಂತ ಎತ್ತಿ ಎತ್ತಿ ಹಾಕಿದಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ. ಮೊದಲು ಸ್ಕೂಲು ಗೊತ್ತು ಮಾಡುವುದು, ಆಮೇಲೆ ಅಲ್ಲಿಂದ ಮಕ್ಕಳು ನಡೆದು ಬರುವಷ್ಟು ದೂರದಲ್ಲಿ ಮನೆ ಹುಡುಕುವುದು. ಮನೆ ಹಳೆಯದಾದರೆ ಆಗಲಿ, ಬಾತ್‌ರೂಮಿನ ಟೈಲ್ಸ್ ಹಸಿರಾಗಿದ್ದರೆ ಇರಲಿ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮಿಪುರಂ, ಈ ಕಡೆಯೇ ನೋಡು. ಹಳೇ ಮನೆ, ಒಂದು ರೂಮು ಕಡಿಮೆ, ಬಾಡಿಗೆಯೂ ನಾಲ್ಕೈದು ಸಾವಿರ ಜಾಸ್ತಿ ಇರಬಹುದು. ಆದರೆ ದೊಡ್ಡವನು ತಾನೇ ಸೈಕಲ್ ತೆಗೆದುಕೊಂಡು ಕ್ಲಾಸಿಗೆ ಹೋಗುತ್ತಾನೆ, ಮೂಲೆ ಅಂಗಡಿಯಿಂದ ಕೊತ್ತಂಬರಿ ತರುತ್ತಾನೆ. ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆ ಹತ್ತಿರ. ಬೇಸಿಗೆ ರಜದಲ್ಲಿ ರಂಗಾಯಣದವರು ಮಕ್ಕಳಿಗೆ ನಡೆಸುವ ನಾಟಕ ಶಿಬಿರ, ಚಿಣ್ಣರ ಮೇಳ ಇರುತ್ತದೆ, ಅದಕ್ಕೆ ಅರ್ಜಿ ಹಾಕುವವರು ಜಾಸ್ತಿ, ಮೊದಲೇ ವಿಚಾರಿಸಿಟ್ಟುಕೋ.

ಇನ್ನೊಂದು. ರಿಂಗ್ ರೋಡಿನ ಆಚೆಗೆ ವಿಳಾಸ ಮೈಸೂರು ಅಂತಿದ್ದರೂ ಎಷ್ಟೋ ಬಡಾವಣೆಗಳು ಬಹಳ ಕಾಲ ನಗರಪಾಲಿಕೆಗೆ ಸೇರಿರಲಿಲ್ಲ. ಬೋಗಾದಿ, ಶ್ರೀರಾಂಪುರದ ಕಡೆ ಪಟ್ಟಣ ಪಂಚಾಯಿತಿ ಮಾಡಿದರು, ಹೂಟಗಳ್ಳಿಗೆ ನಗರಸಭೆ. ಕೆಲವು ಖಾಸಗಿ ಬಡಾವಣೆಗಳಿಗೆ ಹೊಳೆ ನೀರು ಬಂದಿಲ್ಲ, ಬೋರ್‌ವೆಲ್ಲೇ ಗತಿ, ಅದು ಕೈಕೊಟ್ಟರೆ ಟ್ಯಾಂಕರ್. ಈ ವಿಷಯವನ್ನು ಓನರನ್ನು ಕೇಳಬೇಡ. ಯಾವ ಓನರೂ ನಮ್ಮ ಮನೆಯಲ್ಲಿ ನೀರಿಲ್ಲ ಅನ್ನುವುದಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿ ಒಂದು ಬಿಸ್ಕತ್ ಪೊಟ್ಟಣ ತೆಗೆದುಕೊಂಡು, 'ಇಲ್ಲಿ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತಾ?' ಅಂತ ಸುಮ್ನೆ ಕೇಳು. ಮನೆ ಒಳಗೆ ಹೋದ ಮೇಲೆ ಸೀದಾ ಬಾತ್‌ರೂಮಿಗೆ ಹೋಗು. ನಲ್ಲಿಯ ಬಾಯಿಗೆ ಬೆರಳು ಹಾಕಿ ಉಜ್ಜು. ಬಿಳಿ ಪುಡಿ ಥರ ಒರಟಾಗಿ ಸಿಕ್ಕಿದರೆ, ಶವರಿನ ತೂತುಗಳು ಅರ್ಧ ಮುಚ್ಚಿಹೋಗಿದ್ದರೆ, ಅದು ಬೋರ್ ನೀರು, ಗಡಸು. ಕಾವೇರಿ ನೀರು ದಿನಾ ಬರುತ್ತದೆ ಅಂತ ಅವರು ಎಷ್ಟೇ ಹೇಳಲಿ, ನಲ್ಲಿ ಬೇರೆಯದೇ ಹೇಳುತ್ತಿರುತ್ತದೆ. ಅಂಥ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಗೀಸರ್ ಕಾಯಿಲ್ ಬಾಳುವುದಿಲ್ಲ, ಚಿಕ್ಕವಳ ಚರ್ಮ ಮೊದಲೇ ಒಣ.

ಆಮೇಲೆ ಟೆರೇಸಿಗೆ ಹತ್ತು. ಪ್ಯಾರಾಪೆಟ್ ಗೋಡೆ ನಿನ್ನ ಎದೆ ಮಟ್ಟಕ್ಕೆ ಇದೆಯಾ, ಮೆಟ್ಟಿಲಿನ ಕಂಬಿಗಳ ಸಂದಿಯಲ್ಲಿ ಮಗುವಿನ ತಲೆ ತೂರುತ್ತದಾ, ಸಂಪ್ ಮುಚ್ಚಳ ಕಬ್ಬಿಣದ್ದಾ ಇಲ್ಲ ಸುಮ್ನೆ ಒಂದು ಹಲಗೆ ಇಟ್ಟಿದ್ದಾರಾ ನೋಡು. ಎರಡು ಮೂರು ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ಆ ಮನೆಗೆ ನನ್ನ ಕಡೆಯಿಂದ ಹತ್ತು ಮಾರ್ಕು ಜಾಸ್ತಿ. ಅದಕ್ಕೇ ಮನೆ ನೋಡಲು ಭಾನುವಾರ ಬೆಳಗ್ಗೆ ಹೋಗಬೇಡ, ಕೆಲಸದ ದಿನ ಸಂಜೆ ಐದಕ್ಕೆ ಹೋಗು.

ಓನರು ಕೆಲವರು ಮೊದಲ ಪ್ರಶ್ನೆಯೇ 'ನೀವು ಯಾವ ಜನ?' ಅಂತ ಕೇಳುತ್ತಾರೆ. ಮೈಸೂರಿನಲ್ಲೂ ಕೇಳುತ್ತಾರೆ, ಎಲ್ಲ ಕಡೆಯೂ ಕೇಳುತ್ತಾರೆ. ಉತ್ತರ ಕೊಟ್ಟರೆ ನಿನಗೆ ಮನೆ ಸಿಗಲೂಬಹುದು, ಆದರೂ ಅಲ್ಲಿಂದ ಎದ್ದು ಬಾ. ಬಾಡಿಗೆಗಿಂತ ಮೊದಲು ಜಾತಿ ಕೇಳುವವರು ಆಮೇಲೆ ನಿನ್ನ ಒಗ್ಗರಣೆ ವಾಸನೆಯನ್ನೂ ಕೇಳುತ್ತಾರೆ, ಮನೆಗೆ ಬಂದ ಮಕ್ಕಳ ಗೆಳೆಯರ ಹೆಸರನ್ನೂ ಕೇಳುತ್ತಾರೆ. ಮಕ್ಕಳು ಅದನ್ನು ನೋಡುತ್ತಾ ಬೆಳೆಯುವುದು ನನಗಿಷ್ಟ ಇಲ್ಲ.

ದುಡ್ಡಿನ ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕ ಹಿಡಿದುಕೊಂಡು ಹೋಗಬೇಡ, ಅಲ್ಲಿ ಅದಕ್ಕಿಂತ ಕಡಿಮೆಗೆ ಒಪ್ಪುತ್ತಾರೆ, ಚೌಕಾಸಿ ಮಾಡು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತಿದೆ. ಅದು ಮಾದರಿ ಅಷ್ಟೇ, ಅದನ್ನು ತೋರಿಸಿ ಜಗಳ ಮಾಡಲು ಆಗುವುದಿಲ್ಲ. ಎಷ್ಟೇ ಕೊಟ್ಟರೂ ಬ್ಯಾಂಕ್ ಮೂಲಕ ಕೊಡು, ಕೈಗೆ ಬೇಡ. ಕರಾರು ಹನ್ನೊಂದು ತಿಂಗಳಿಗೆ ಮಾಡುತ್ತಾರೆ, ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ಅದರಲ್ಲಿ ಬಾಡಿಗೆ ಎಷ್ಟು ಏರಿಸುತ್ತಾರೆ, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳ ಮುಂಚೆ ಹೇಳಬೇಕು, ಈ ಮೂರು ಬರೆದಿರಲಿ. ಬಾಯಿ ಮಾತಿಗೆ ತಲೆಯಾಡಿಸಬೇಡ.

ಭೋಗ್ಯಕ್ಕೆ ಬೇಡವೇ ಬೇಡ. ಹದಿನೈದು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ ಅಂತ ಬ್ರೋಕರ್ ಹೇಳಿದ್ದಾನೆ ಅಂದೆಯಲ್ಲ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದೆ ಹೋದರೆ ಏನಾಗುತ್ತದೆ ಅಂತ ಅಪ್ಪನನ್ನು ಕೇಳು. ಬ್ಯಾಂಕಿನವರು ಹರಾಜಿಗೆ ಬಂದಾಗ ಒಳಗೆ ಭೋಗ್ಯದವರು ಸಂಸಾರ ಮಾಡಿಕೊಂಡಿರುವುದನ್ನು ಅವರು ನೌಕರಿಯಲ್ಲಿ ಕಣ್ಣಾರೆ ನೋಡಿದ್ದಾರೆ. ಅಷ್ಟು ದುಡ್ಡು ಇದ್ದರೆ ಎಫ್.ಡಿ. ಇಡು. ಮನೆ ಕೊಳ್ಳುವ ಮಾತಂತೂ ಈಗ ಎತ್ತಲೇಬೇಡ. ಒಂದು ಮಳೆಗಾಲ, ಒಂದು ದಸರಾ, ಒಂದು ಪರೀಕ್ಷೆ ಆ ಊರಿನಲ್ಲಿ ಕಳೆಯಲಿ, ಆಮೇಲೆ ನೋಡೋಣ.

ಕರೆಂಟಿಗೆ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆಯಲ್ಲ, ಈಗಿರುವ ಮನೆಯ ಆರ್.ಆರ್. ನಂಬರಿನಿಂದ (ಬಿಲ್ಲಿನಲ್ಲಿರುವ ಕರೆಂಟ್ ಸಂಪರ್ಕದ ನಂಬರು) ನಿನ್ನ ಆಧಾರ್ ಡಿ-ಲಿಂಕ್ ಮಾಡಿಸಿ ಬಾ. ಹೊಸ ಮನೆಯಲ್ಲಿ ಹಿಂದಿದ್ದ ಬಾಡಿಗೆಯವರದು ಹಾಗೇ ಉಳಿದಿದ್ದರೆ ತೆಗೆಸಿಕೊಡಿ ಅಂತ ಓನರಿಗೆ ಹೇಳು. ಬಿಲ್ಲಿನಲ್ಲಿ ಯಾರ ಹೆಸರಿದೆ ಅಂತ ನೋಡುವ ನೆಪವೂ ಆಗುತ್ತದೆ. ಕರಾರಿಗೆ ಸಹಿ ಹಾಕುವವರ ಹೆಸರು ಅದೇ ಆಗಿರಬೇಕು, ಇಲ್ಲದಿದ್ದರೆ ಕಂದಾಯದ ರಸೀದಿ ಕೇಳು.

ಮುಹೂರ್ತದ ವಿಷಯಕ್ಕೆ ನಿಮ್ಮತ್ತೆ ಆಷಾಢದಲ್ಲಿ ಮನೆ ಬದಲಾಯಿಸಬಾರದು ಅನ್ನುತ್ತಾರೆ ಅಂತ ಹೇಳಿದೆ. ಅವರಿಗೆ ಎದುರು ಮಾತಾಡಬೇಡ. ಆಷಾಢಕ್ಕೆ ಮುಂಚೆಯೇ ಹೋಗಿ ಹಾಲು ಉಕ್ಕಿಸಿ ಬಂದುಬಿಡು, ಸಾಮಾನು ಯಾವಾಗ ಬೇಕಾದರೂ ಹೋಗಲಿ. ಹೇಗೂ ಜೂನ್ ಹೊತ್ತಿಗೆ ಸ್ಕೂಲು ಶುರುವಾಗಿರುತ್ತದೆ, ಮೇನಲ್ಲೇ ಹೋದರೆ ಎಲ್ಲರಿಗೂ ಒಳ್ಳೆಯದು. ಮೇನಲ್ಲಿ ಸರಿಯಾದ ಮನೆ ಸಿಗದೆ ಆಷಾಢ ಬಂದರೂ ಹೆದರಬೇಡ, ಆಗ ಮನೆ ಕೇಳುವವರು ಕಡಿಮೆ, ಖಾಲಿ ಕೂತ ಓನರು ಬಾಡಿಗೆ ಸ್ವಲ್ಪ ಇಳಿಸುತ್ತಾನೆ.

ಚಿಕ್ಕವಳ ಒಂದನೇ ಕ್ಲಾಸಿನದು ಒಂದು ತಲೆನೋವು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಇದೆ, 2025-26ಕ್ಕೆ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ದರು. ಅವಳದು ಅಂಚಿನಲ್ಲಿದೆ, ಫೀಸು ಕಟ್ಟುವ ಮುಂಚೆ ಸ್ಕೂಲಿನಲ್ಲಿ ಜನನ ಪ್ರಮಾಣಪತ್ರ ತೋರಿಸಿ ಕೇಳು. ಒಂದು ವರ್ಷ ಯು.ಕೆ.ಜಿ.ಯಲ್ಲೇ ಉಳಿದರೆ ಆಕಾಶ ಏನೂ ಬೀಳುವುದಿಲ್ಲ, ಅದನ್ನು ಅವಳ ಮುಂದೆ ದೊಡ್ಡ ವಿಷಯ ಮಾಡಬೇಡಿ ಅಷ್ಟೇ. ದೊಡ್ಡವನಿಗೆ ಗೆಳೆಯರನ್ನು ಬಿಟ್ಟು ಬರುವುದು ಕಷ್ಟ. ಮನೆ ನೋಡಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗು, ಆದರೆ ಊರು ಯಾವುದು ಅಂತ ಅವನನ್ನು ಕೇಳಬೇಡ, ತನ್ನ ರೂಮು ಯಾವುದು ಅಂತ ಕೇಳು. ನೀನು ಐದನೇ ಕ್ಲಾಸಿನಲ್ಲಿ ಧಾರವಾಡ ಬಿಡುವಾಗ ಮೂರು ದಿನ ಊಟ ಬಿಟ್ಟಿದ್ದೆ, ಆಮೇಲೆ ಮೈಸೂರಿನ ಮನೆಯಲ್ಲಿ ಕಿಟಕಿ ಪಕ್ಕದ ಜಾಗ ಕೊಟ್ಟ ಮೇಲೆ ಸರಿಹೋದೆ.

ಟಿ.ಸಿ.ಗೆ ಈಗಲೇ ಅರ್ಜಿ ಕೊಟ್ಟುಬಿಡು. ಬರೀ ಕಾಗದ ಕೊಟ್ಟರೆ ಸಾಲದು, ಹಳೇ ಸ್ಕೂಲಿನವರು ಸ್ಯಾಟ್ಸ್ ಅನ್ನುವ ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲೂ ಮಗುವನ್ನು ಬಿಟ್ಟುಕೊಡಬೇಕು, ಇಲ್ಲದಿದ್ದರೆ ಹೊಸ ಸ್ಕೂಲಿನ ಕಂಪ್ಯೂಟರಿನಲ್ಲಿ ಅವನು ಇನ್ನೂ ಬೆಂಗಳೂರಿನಲ್ಲೇ ಓದುತ್ತಿರುತ್ತಾನೆ. ರಜ ಶುರುವಾದರೆ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ. ಬಾಕಿ ಫೀಸು ಏನಾದರೂ ಇದ್ದರೆ ಈ ವಾರವೇ ಕಟ್ಟಿ, ರಸೀದಿ ತೆಗೆದುಕೊಂಡು ನನಗೊಂದು ಫೋಟೋ ಕಳಿಸು.

ನಿನ್ನ
ಅಮ್ಮ