ಉಪ್ಪುನೀರಿನ ಮದ್ದಿಗೆ ಕನ್ನಡದಲ್ಲೊಂದು ಚೀಟಿ ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಪೆರ್ಲ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. "ನಿಮ್ಮ ಅಪ್ಪನಿಗೆ ಉಪ್ಪುನೀರು ಎಳೆದುಕೊಳ್ಳುವ ಮದ್ದಂತೆ ಅಲ್ವಾ, ನಾವೂ ಅಮ್ಮನಿಗೆ ಕುದಿಯುವ ನೀರಿಗೆ ಒಂದು ಮುಷ್ಟಿ ಕಲ್ಲುಪ್ಪು ಹಾಕಿ ಹಬೆ ಹಿಡಿಸ್ತಾ ಇದ್ದೇವೆ" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಾವೂ ಮೊದಲು ಅದನ್ನೇ ಮಾಡಿದ್ದೆವು.

ಹಬೆಯಲ್ಲಿ ಉಪ್ಪು ಮೇಲೆ ಬರುವುದಿಲ್ಲ. ನೀರು ಬತ್ತಿದ ಮೇಲೆ ಪಾತ್ರೆಯ ತಳ ನೋಡಿ, ಹಾಕಿದ್ದೆಲ್ಲ ಬೆಳ್ಳಗೆ ಅಲ್ಲೇ ಕೂತಿರುತ್ತದೆ. ನೆಬ್ಯುಲೈಸರ್ ಯಂತ್ರದ ಕೆಲಸವೇ ಬೇರೆ. ಅದು ಉಪ್ಪುನೀರನ್ನೇ ಕಣ್ಣಿಗೆ ಮಂಜಿನಂತೆ ಕಾಣುವ ಹನಿಗಳಾಗಿ ಒಡೆಯುತ್ತದೆ, ಆ ಹನಿ ಉಪ್ಪಿನ ಸಮೇತ ಎದೆಯೊಳಕ್ಕೆ ಇಳಿಯುತ್ತದೆ.

ಅಪ್ಪನಿಗೆ ಚಿಕ್ಕ ಪ್ರಾಯದಲ್ಲಿ ಕ್ಷಯ ಬಂದು ಗುಣವಾಗಿತ್ತು. ಕಾಯಿಲೆ ಹೋಯಿತು, ಶ್ವಾಸನಾಳಗಳು ಮಾತ್ರ ಅಲ್ಲಲ್ಲಿ ಅಗಲವಾಗಿ ಜೋತುಬಿದ್ದವು. ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಅಲ್ಲಿ ಕಫ ಅಂಟಿನಂತೆ ನಿಂತುಬಿಡುತ್ತದೆ, ನಿಂತ ಕಫದಲ್ಲಿ ಮತ್ತೆ ಮತ್ತೆ ಸೋಂಕು. ಅದಕ್ಕೆ ಡಾಕ್ಟ್ರು ಯಂತ್ರದಲ್ಲಿ ಎಳೆದುಕೊಳ್ಳಲು 3 ಪರ್ಸೆಂಟ್ ಸಲೈನ್, ಅಂದರೆ ಉಪ್ಪುನೀರು, ಬರೆದರು. ಉಪ್ಪು ಮಾಡುವುದೇನು ಅಂತ ಅಪ್ಪ ಕೇಳಿದಾಗ ನಾನು ಹೇಳಿದ್ದು ಮಾವಿನಮಿಡಿಯ ಲೆಕ್ಕ. ಭರಣಿಯಲ್ಲಿ ಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಶ್ವಾಸನಾಳದ ಗೋಡೆಯಿಂದ ನೀರು ಒಳಗೆ ಬಂದು ಕಫ ತೆಳುವಾಗುತ್ತದೆ, ಕೆಮ್ಮಿದರೆ ಕಿತ್ತು ಬರುತ್ತದೆ.

ಮದ್ದಿನಂಗಡಿಗೆ ಹೋದೆ. ಅಲ್ಲಿನ ಹುಡುಗ "ಸಲೈನ್ ತಾನೇ" ಅಂತ ಡ್ರಿಪ್ ಹಾಕುವ ದೊಡ್ಡ ಬಾಟ್ಲಿ ಕೊಟ್ಟ. ಅದು 0.9 ಪರ್ಸೆಂಟ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ನಮಗೆ ಬೇಕಿದ್ದದ್ದು ಲೀಟರಿಗೆ 30 ಗ್ರಾಮಿನದ್ದು. ಕುಂಬಳೆಯ ಕಡಲ ನೀರಿನಲ್ಲೇ ಸುಮಾರು 35 ಗ್ರಾಂ ಇರುತ್ತದೆ ಅಂದರೆ ಅಂದಾಜು ಮಾಡಿ. ಹಾಗಂತ ಯಾರೂ ಕಡಲ ನೀರನ್ನಾಗಲಿ ಬಾವಿ ನೀರಿಗೆ ಅಡಿಗೆ ಉಪ್ಪು ಕಲಸಿದ್ದನ್ನಾಗಲಿ ಯಂತ್ರಕ್ಕೆ ಹಾಕಬೇಡಿ, ನೀರಿನ ರೋಗಾಣು ನೇರ ಎದೆಗೆ ಹೋಗುತ್ತದೆ. ಮುಚ್ಚಳ ತೆರೆದ ಬಾಟ್ಲಿಯನ್ನು ವಾರಗಟ್ಟಲೆ ಇಟ್ಟುಕೊಂಡು ಎಳೆದುಕೊಳ್ಳುವವರನ್ನೂ ನೋಡಿದ್ದೇನೆ, ಅದೂ ಅಪಾಯವೇ.

ಸರಿಯಾದ ಮದ್ದು ಸಿಕ್ಕಿದ ಮೇಲೂ ಎಡವಟ್ಟಾಯಿತು. ಮೊದಲ ದಿನ ಎರಡು ನಿಮಿಷ ಎಳೆದುಕೊಂಡದ್ದೇ ತಡ, ಅಪ್ಪನ ಎದೆ ಸುಂಯ್ ಸುಂಯ್ ಅನ್ನತೊಡಗಿತು, ದಮ್ಮು ಕಟ್ಟಿತು. ಜಾಸ್ತಿ ಉಪ್ಪಿನ ನೀರು ಕೆಲವರ ಶ್ವಾಸನಾಳವನ್ನು ಬಿಗಿ ಮಾಡುತ್ತದೆ. ಅದಕ್ಕೇ ಮೊದಲ ಸಲ ಡಾಕ್ಟರ ಎದುರಲ್ಲೇ ಎಳೆದುಕೊಳ್ಳಬೇಕು, ಶ್ವಾಸನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಮದ್ದು ಬರೆದಿದ್ದರೆ ಹತ್ತು ಹದಿನೈದು ನಿಮಿಷ ಮುಂಚೆ ತೆಗೆದುಕೊಳ್ಳಬೇಕು. ಆಸ್ಪತ್ರೆ ಚೀಟಿಯಲ್ಲಿ ಇದೆಲ್ಲ ಇತ್ತು. ಮಲಯಾಳದಲ್ಲಿ! ಸಿಸ್ಟರ್ ಒಳ್ಳೆಯವರು, ಬಾಯಲ್ಲೂ ಹೇಳಿದ್ದರು, ಆದರೆ ಹೊರಗೆ ಐವತ್ತು ಜನ ಕಾಯುತ್ತಿದ್ದರು, ಒಂದೇ ಉಸಿರಿಗೆ ಮುಗಿಸಿದರು. ಅಪ್ಪನಿಗೆ ಮಲಯಾಳ ಮಾತು ತಕ್ಕಮಟ್ಟಿಗೆ ಬರುತ್ತದೆ, ಅಕ್ಷರ ಬರುವುದಿಲ್ಲ.

ಎಳೆದುಕೊಂಡು ಸುಮ್ನೆ ಮಲಗಿದರೂ ಪ್ರಯೋಜನ ಕಡಿಮೆ, ಆಮೇಲೆ ಕಫ ತೆಗೆಯಬೇಕು. ಕನ್ನಡಕದ ಗಾಜು ಒರೆಸುವಾಗ ಬಾಯಿ ತೆರೆದು ಹಾ ಅಂತ ಉಸಿರು ಬಿಡುತ್ತೇವಲ್ಲ, ಅದನ್ನೇ ಸ್ವಲ್ಪ ಜೋರಾಗಿ ಎದೆಯಿಂದ ಬಿಡುವುದು. ಅಪ್ಪ ಈಗ ನಿಜಕ್ಕೂ ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಮಾಡುತ್ತಾರೆ. ಬೆಳಗ್ಗೆ ಎಂಟರೊಳಗೆ ಮುಗಿಸಬೇಕು, ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ದೇವರಿಗೇ ಗೊತ್ತು. ಯಂತ್ರದ ಬಟ್ಟಲು ಪ್ರತಿ ಸಲವೂ ತೊಳೆದು ಒಣಗಿಸಬೇಕು.

ಇದು ಎಲ್ಲರಿಗೂ ಆಗುವ ಮದ್ದೂ ಅಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಗೆ 7 ಪರ್ಸೆಂಟ್ ಸಲೈನ್ ಉಪಯೋಗವೆಂದು 2006ರಲ್ಲಿ ಆಸ್ಟ್ರೇಲಿಯಾದವರು 164 ಜನರ ಮೇಲೆ 48 ವಾರ ಪರೀಕ್ಷಿಸಿ ತೋರಿಸಿದರು. ಕಡಲ ಅಲೆಯ ಮೇಲೆ ಆಡುವ ರೋಗಿಗಳಿಗೆ ಕಫ ಸಲೀಸಾಗಿ ಬರುತ್ತದೆ ಅನ್ನುವುದನ್ನು ಅಲ್ಲಿನ ಡಾಕ್ಟರುಗಳು ಗಮನಿಸಿದ್ದರಂತೆ. ಅಪ್ಪನಂಥವರ ವಿಷಯದಲ್ಲಿ 2025ರ ಬ್ರಿಟನ್ ಅಧ್ಯಯನ ಅಷ್ಟು ಸಿಹಿಯಾಗಿಲ್ಲ, ವರ್ಷವಿಡೀ ಎಳೆದುಕೊಂಡರೂ ಕಾಯಿಲೆ ಕೆರಳುವುದು ಹೇಳಿಕೊಳ್ಳುವಷ್ಟು ಕಮ್ಮಿಯಾಗಲಿಲ್ಲ. ಅಪ್ಪನಿಗೆ ಬೆಳಗಿನ ಕಫ ಸುಲಭವಾಗಿ ಬರುತ್ತದೆ, ಅಷ್ಟಕ್ಕೆ ಮುಂದುವರಿಸಿದ್ದೇವೆ. ಬೀಡಿ ಸೇದಿ ದಮ್ಮು ಹತ್ತಿದವರು ಪಕ್ಕದ ಮನೆಯವರನ್ನು ನೋಡಿ ಶುರು ಮಾಡುವುದು ಬೇಡ.

ನಾನು ಕೇಳುವುದು ದೊಡ್ಡದೇನಲ್ಲ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಉಬ್ಬಸದವರಿಗಾಗಿಯೇ ಶ್ವಾಸ್ ಕ್ಲಿನಿಕ್ ಇದೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಗೇ ಬರುತ್ತಾರೆ, ಇಂಥ ವ್ಯವಸ್ಥೆ ಎಷ್ಟು ಕಡೆ ಇದೆ ಹೇಳಿ. 1969ರ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶವಿದೆ. ಹಾಗಿರುವಾಗ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ನೆಬ್ಯುಲೈಸರ್ ಬರೆದುಕೊಡುವಾಗ ಒಂದು ಪುಟದ ಕನ್ನಡ ಚೀಟಿ ಕೊಡಲಿ, ಒಂದು ಸಲ ಎದುರಲ್ಲಿ ಮಾಡಿಸಿ ನೋಡಲಿ.

ನನ್ನ ಮಗಳು ಆ ಮಲಯಾಳ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಾಳೆ. ಅದರ ಝೆರಾಕ್ಸ್ ಈಗ ಮೂರು ಮನೆಗೆ ಹೋಗಿದೆ. ಒಂಬತ್ತನೇ ಕ್ಲಾಸಿನ ಹುಡುಗಿ ಬರೆದ ಚೀಟಿ ನೋಡಿ ಜನ ಮದ್ದು ಎಳೆದುಕೊಳ್ಳುತ್ತಿದ್ದಾರೆ, ನನಗೆ ಹೆದರಿಕೆ ಅದೇ.

ಇತಿ,
ಒಬ್ಬ ಓದುಗ, ಪೆರ್ಲ, ಕಾಸರಗೋಡು